ಹಿಕ್ಕೆ ಎಣಿಸುವ ಕೆಲಸ

ಆ ಫೋನ್ ಬಂದಾಗ ನಾನು ಬ್ಲೌಸಿಗೆ ಹೆಮ್ಮಿಂಗ್ ಮಾಡುತ್ತಿದ್ದೆ. "ಮೇಡಂ, ನೀವು ಮೊಲ ತಗೋತೀರಂತೆ? ಮಗಳಿಗೆ ಸ್ಕೂಲ್ ಶುರುವಾಯ್ತು, ನೋಡ್ಕೊಳ್ಳೋಕೆ ಯಾರೂ ಇಲ್ಲ" ಅಂದರು ಆ ಕಡೆಯವರು. 2021ರ ಕೊನೆ ಅದು. ಲಾಕ್‌ಡೌನ್‌ನಲ್ಲಿ ಮಕ್ಕಳ ಬೇಜಾರು ಕಳೆಯಲಿ ಅಂತ ತಂದ ಮೊಲಗಳು ಶಾಲೆ ತೆರೆದ ಕೂಡಲೇ ಬೇಡವಾಗಿದ್ದವು. ಆ ವಾರದಲ್ಲಿ ಅದು ನಾಲ್ಕನೇ ಫೋನ್. ಸಿಟ್ಟು ನೆತ್ತಿಗೇರಿತು. "ತರುವಾಗ ಗೊತ್ತಿರಲಿಲ್ವಾ? ಅದೇನು ಆಟದ ಸಾಮಾನಾ?" ಎಂದು ಚೆನ್ನಾಗಿ ಬೈದೆ. ಅವರು ಏನೂ ಹೇಳದೆ ಫೋನ್ ಇಟ್ಟರು.

ಮೂರನೇ ದಿನ ಬೆಳಿಗ್ಗೆ, ಕೆರೆ ಪಕ್ಕದ ಪಾರ್ಕಿಗೆ ವಾಕಿಂಗ್ ಹೋಗುವ ಒಬ್ಬರು ಬಿಳಿ ಮೊಲವೊಂದನ್ನು ಟವೆಲ್‌ನಲ್ಲಿ ಸುತ್ತಿ ತಂದರು. ನಾಯಿ ಹಿಡಿದಿತ್ತು. ಒಂದು ಗಂಟೆ ಬದುಕಿತ್ತು, ಅಷ್ಟೇ. ಕತ್ತಿನಲ್ಲಿ ಗುಲಾಬಿ ಬಣ್ಣದ ರಿಬ್ಬನ್ ಇತ್ತು. ಫೋನ್ ಮಾಡಿದವರ ಮೊಲವೇ ಅದು? ಆ ನಂಬರಿಗೆ ತಿರುಗಿ ಫೋನ್ ಮಾಡಿ ಕೇಳುವ ಧೈರ್ಯ ನನಗೆ ಬರಲಿಲ್ಲ. ಫೋನಿನಲ್ಲಿ ಬೈಯುವುದನ್ನು ಮಾತ್ರ ಅವತ್ತೇ ಬಿಟ್ಟೆ.

ನಾನು ಮೈಸೂರಿನಲ್ಲಿ ಮನೆಯಲ್ಲೇ ಟೈಲರಿಂಗ್ ಮಾಡುವವಳು. ಹಿತ್ತಲಲ್ಲಿ ಶೀಟ್ ಹಾಕಿದ, ಹತ್ತು ಅಡಿಗೆ ಹನ್ನೆರಡು ಅಡಿ ಜಾಗ ಇದೆ. ಮೊದಲನೇ ಮೊಲ ಪಕ್ಕದ ಬೀದಿಯಲ್ಲಿ ಮನೆ ಖಾಲಿ ಮಾಡಿದವರು ಪಂಜರದ ಸಮೇತ ಬಿಟ್ಟು ಹೋಗಿದ್ದು. ಆಮೇಲೆ ಒಂದರ ಹಿಂದೆ ಒಂದು ಬಂದವು. "ಮೊಲದ ಅಕ್ಕ" ಎಂದು ಹೆಸರೂ ಬಿತ್ತು.

"ಪಾರ್ಕಲ್ಲಿ ಹುಲ್ಲಿದೆಯಲ್ಲ, ಬದುಕ್ಕೊಳ್ಳತ್ತೆ" ಎಂದು ನಂಬಿಯೇ ತುಂಬಾ ಜನ ಬಿಡುತ್ತಾರೆ. ನಮ್ಮ ಹೊಲದ ಬದುವಿನಲ್ಲಿ ಕಾಣುವ ಕಾಡುಮೊಲವೇ ಬೇರೆ, ಅಂಗಡಿಯಲ್ಲಿ ಸಿಗುವ ಮೊಲವೇ ಬೇರೆ. ಕಾಡುಮೊಲದ ಮರಿ ಕಣ್ಣು ಬಿಟ್ಟುಕೊಂಡೇ, ಮೈತುಂಬ ಕೂದಲಿನ ಜೊತೆಗೇ ಹುಟ್ಟುತ್ತದೆ. ಸಾಕುಮೊಲದ ಮೂಲ ಯುರೋಪಿನ ಬಿಲದ ಮೊಲ. ಅದರ ಮರಿಗೆ ಹುಟ್ಟುವಾಗ ಕೂದಲೂ ಇಲ್ಲ, ಕಣ್ಣೂ ತೆರೆದಿರುವುದಿಲ್ಲ. ತಲೆಮಾರುಗಟ್ಟಲೆ ಪಂಜರದಲ್ಲಿ ಬೆಳೆದ ಬಿಳಿ ಪ್ರಾಣಿಯನ್ನು ಹಸಿರು ಹುಲ್ಲಿನ ಮೇಲೆ ಬಿಟ್ಟರೆ ಹದ್ದಿಗೂ ನಾಯಿಗೂ ಕರೆದು ಬಡಿಸಿದ ಹಾಗೆ. ಹೀಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಆದರೆ ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತಾ? ಹತ್ತರಿಂದ ಐವತ್ತು ರೂಪಾಯಿ. ಮಳೆಗಾಲದಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೇ ಅದಕ್ಕಿಂತ ಜಾಸ್ತಿ ಕೊಟ್ಟಿದ್ದೇನೆ.

ಮೊಲ ಬಂದ ತಕ್ಷಣ ನಾನು ಮುದ್ದು ಮಾಡುವುದಿಲ್ಲ. ತೊಡೆಯ ಮೇಲೆ ಟವೆಲ್ ಹಾಕಿ, ಹಿಂಗಾಲುಗಳನ್ನು ಗಟ್ಟಿಯಾಗಿ ಆನಿಸಿಕೊಂಡು ಕೂರುತ್ತೇನೆ. ಹೆದರಿ ಜೋರಾಗಿ ಒದ್ದರೆ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳುವಷ್ಟು ನಾಜೂಕು ಅದು. ಮೊದಲು ಪಾದ ನೋಡುತ್ತೇನೆ. ನಾಯಿ ಬೆಕ್ಕಿಗಿರುವ ಹಾಗೆ ಮೊಲದ ಅಂಗಾಲಿಗೆ ಮೆತ್ತೆ ಇಲ್ಲ, ಕೂದಲಷ್ಟೇ. ತಂತಿ ತಳದ ಪಂಜರದಲ್ಲಿ ತಿಂಗಳುಗಟ್ಟಲೆ ನಿಂತರೆ ಆ ಕೂದಲು ಸವೆದು ಹುಣ್ಣಾಗುತ್ತದೆ. ಆಮೇಲೆ ಕಿವಿ. ಒಳಗೆ ಕಂದು ಬಣ್ಣದ ಹೊಪ್ಪಳೆ ಕಟ್ಟಿದ್ದರೆ ಅದು ನುಸಿಯ ಕೆಲಸ. ಅದನ್ನು ಕೀಳಬಾರದು, ಪ್ರಾಣ ಹೋಗುವಷ್ಟು ನೋವಾಗುತ್ತದೆ. ಡಾಕ್ಟರು ತೂಕ ನೋಡಿ ಐವರ್ಮೆಕ್ಟಿನ್ ಕೊಟ್ಟರೆ ಹೊಪ್ಪಳೆ ತಾನಾಗೇ ಉದುರುತ್ತದೆ. ನಾಯಿಯ ಉಣ್ಣಿಗೆಂದು ಬೆನ್ನಿಗೆ ಬಿಡುವ ಫಿಪ್ರೊನಿಲ್ ಔಷಧಿಯನ್ನು "ಮೊಲಕ್ಕೂ ಸ್ವಲ್ಪ ಹಾಕೋಣ" ಎಂದು ಹಾಕಿದವರಿದ್ದಾರೆ. ಅದು ಮೊಲಕ್ಕೆ ವಿಷ. ಸ್ನಾನವನ್ನೂ ಮಾಡಿಸಬೇಡಿ. ನೆಂದ ಮೊಲ ಗಾಬರಿಗೇ ಸತ್ತುಹೋಗಬಹುದು.

ಕೊನೆಗೆ ಹಲ್ಲು. ಮೊಲದ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ. ಹುಲ್ಲು ಅರೆದು ಅರೆದು ಸವೆಯಬೇಕು. ಅನ್ನ, ಬಿಸ್ಕೆಟ್, ಬ್ರೆಡ್ ತಿಂದರೆ ಸವೆಯುವುದೆಲ್ಲಿಂದ? ಕ್ಯಾರೆಟ್ಟಂತೂ ಸಿಹಿತಿಂಡಿ ಇದ್ದ ಹಾಗೆ, ಹಬ್ಬಕ್ಕೊಂದು ಚೂರು ಸಾಕು. ಮೊಲದ ಊಟದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಹುಲ್ಲೇ ಇರಬೇಕು. ಹೊರದೇಶದ ಟಿಮೊಥಿ ಹುಲ್ಲು ಚೆನ್ನಾಗಿದೆ, ಆದರೆ ನನ್ನ ಹೊಲಿಗೆ ದುಡ್ಡಿಗೆ ಅದು ದೂರ. ದೇವರಾಜ ಮಾರ್ಕೆಟ್‌ನಲ್ಲಿ ಗಣಪತಿಗೆಂದು ಮಾರುವ ಗರಿಕೆ ಇದೆಯಲ್ಲ, ಸಂಜೆ ಹೊತ್ತಿಗೆ ಉಳಿದದ್ದನ್ನು ಹೂವಿನವರು ಕಡಿಮೆಗೆ ಕೊಡುತ್ತಾರೆ. ತೊಳೆದು, ಆರಿಸಿ, ಒಣಗಿಸಿ ಇಡುತ್ತೇನೆ. ಕುದುರೆಮಸಾಲೆ ಸೊಪ್ಪನ್ನು ಮರಿಗಳಿಗೆ ಮಾತ್ರ ಕೊಡುತ್ತೇನೆ. ಅದರಲ್ಲಿ ಕ್ಯಾಲ್ಸಿಯಂ ಜಾಸ್ತಿ, ದೊಡ್ಡ ಮೊಲಗಳ ಮೂತ್ರಕ್ಕೆ ತೊಂದರೆ.

ಬೆಲ್ಲ ಎನ್ನುವ ಕಂದು ಮೊಲದ ಕಥೆ ಹೇಳಲೇಬೇಕು. ಲವ್ ಬರ್ಡ್ಸ್ ಪಂಜರದಲ್ಲಿ ಬಂದಿತ್ತು. ತೂಕ ಒಂದು ಕಿಲೋ ನೂರು ಗ್ರಾಂ. ಬಂದ ಎರಡನೇ ದಿನ ರಾತ್ರಿ ಎಂಟಕ್ಕೆ ಕೊತ್ತಂಬರಿ ಹಿಡಿದರೂ ಬರಲಿಲ್ಲ. ಮುದುಡಿ ಕೂತು ಕಟಕಟ ಹಲ್ಲು ಕಡಿಯುತ್ತಿತ್ತು. ಕೆಳಗೆ ನೋಡಿದರೆ ಬೆಳಗಿನಿಂದ ಒಂದು ಹಿಕ್ಕೆಯೂ ಇಲ್ಲ. ಮೊಲ ಸಾಕುವವರಿಗೆ ಇದಕ್ಕಿಂತ ಕೆಟ್ಟ ದೃಶ್ಯ ಇಲ್ಲ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಕರುಳು ಸದಾ ಓಡುತ್ತಿರಬೇಕು. ಅದು ನಿಂತರೆ ಒಂದೇ ದಿನದಲ್ಲಿ ಪ್ರಾಣಕ್ಕೆ ಬರುತ್ತದೆ. ನಾಳೆ ನೋಡೋಣ ಅನ್ನುವ ಹಾಗಿಲ್ಲ.

ಡಾಕ್ಟರ ಕ್ಲಿನಿಕ್ ಮುಚ್ಚುವ ಹೊತ್ತಿಗೆ ಓಡಿದೆ. ಮೈ ಬಿಸಿ 37 ಡಿಗ್ರಿಗೆ ಇಳಿದಿತ್ತು, 38.5ಕ್ಕಿಂತ ಮೇಲೆ ಇರಬೇಕಾಗಿದ್ದು. ಹೊಟ್ಟೆ ಒತ್ತಿ ನೋಡಿ, ಅಡ್ಡ ಏನೂ ಸಿಕ್ಕಿಕೊಂಡಿಲ್ಲ ಎಂದು ಖಾತ್ರಿ ಮಾಡಿಕೊಂಡು, ಚರ್ಮದ ಕೆಳಗೆ ಡ್ರಿಪ್ ನೀರು ಬಿಟ್ಟು ನೋವಿನ ಇಂಜೆಕ್ಷನ್ ಕೊಟ್ಟರು. ಹೊಟ್ಟೆ ಡೋಲಿನ ಹಾಗೆ ಬಿಗಿದಿದ್ದರೆ ಬಾಯಿಗೆ ಏನೂ ಹಾಕಬಾರದು ಅಂತಲೂ ಹೇಳಿದರು. ಮನೆಗೆ ತಂದು ಬಿಸಿನೀರಿನ ಬಾಟಲಿಗೆ ಲೈನಿಂಗ್ ಬಟ್ಟೆ ಸುತ್ತಿ ಪಕ್ಕಕ್ಕಿಟ್ಟೆ. ಹುಲ್ಲಿನ ಪೆಲೆಟ್ ನೆನೆಸಿ ಅರೆದು ಸಿರಿಂಜಿನಲ್ಲಿ ತುಂಬಿದೆ. ಸೂಜಿ ಇಲ್ಲದ ಸಿರಿಂಜ್. ಮುಂದಿನ ಹಲ್ಲಿನ ಹಿಂದೆ, ಕೆನ್ನೆ ಪಕ್ಕ ಒಂದು ಸಂದಿ ಇದೆ, ಅಲ್ಲಿಂದ ಸ್ವಲ್ಪ ಸ್ವಲ್ಪವೇ ಕೊಡಬೇಕು. ನೇರವಾಗಿ ಒತ್ತಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಎರಡು ಗಂಟೆಗೊಮ್ಮೆ ಹತ್ತು ಎಂಎಲ್. ನಡುವೆ ಹೊಟ್ಟೆ ನೀವುವುದು.

ಬೆಳಗಿನ ಜಾವ ಐದಕ್ಕೆ ಇಪ್ಪತ್ತು ನಿಮಿಷ ಇರುವಾಗ ಟವೆಲ್ ಮೇಲೆ ಐದು ಹಿಕ್ಕೆ ಬಿದ್ದಿತ್ತು. ಮೆಣಸಿನಕಾಳಿನಷ್ಟು, ಗಟ್ಟಿ, ಒಂದಕ್ಕೊಂದು ಕೂದಲಿನಿಂದ ಅಂಟಿಕೊಂಡಿದ್ದವು. ನಮ್ಮನೆಯವರನ್ನು ಎಬ್ಬಿಸಿ ತೋರಿಸಿದೆ. "ಒಳ್ಳೇದಾಯ್ತು" ಎಂದು ಮಗ್ಗುಲಾದರು. ಅವರ ತಪ್ಪೇನಿಲ್ಲ ಬಿಡಿ, ಐದು ಹಿಕ್ಕೆಗೆ ಕಣ್ಣೀರು ಹಾಕುವುದು ಎಲ್ಲರಿಗೂ ಬರುವುದಿಲ್ಲ.

ಅವತ್ತಿನಿಂದ ಅಳತೆ ಪುಸ್ತಕದ ಕೊನೆಯ ಹಾಳೆಗಳಲ್ಲಿ ಹಿಕ್ಕೆಯ ಲೆಕ್ಕ ಬರೆಯುತ್ತೇನೆ. ಮುಂದಿನ ಹಾಳೆಯಲ್ಲಿ ಎದೆ ಸುತ್ತಳತೆ, ತೋಳು. ಹಿಂದಿನ ಹಾಳೆಯಲ್ಲಿ "ಬೆಲ್ಲ: ಮೆಣಸು, ಮೆಣಸು, ತೊಗರಿಕಾಳು". ಕಡಲೆಕಾಳಿನಷ್ಟಾದರೆ ಆರೋಗ್ಯ ಎಂದು ಅರ್ಥ. ಬೆಲ್ಲ ಕಡಲೆಕಾಳಿಗೆ ಬರಲು ಹದಿನೇಳು ದಿನ ಬೇಕಾಯಿತು. ದ್ರಾಕ್ಷಿಗೊಂಚಲಿನ ಹಾಗೆ ಮೆತ್ತಗಿರುವ ಇನ್ನೊಂದು ಬಗೆಯ ಹಿಕ್ಕೆ ಇದೆ. ಅದನ್ನು ಮೊಲ ತಾನೇ ತಿನ್ನುತ್ತದೆ, ತಿನ್ನಲೇಬೇಕು. ಅದನ್ನು ನೋಡಿ ಭೇದಿ ಎಂದು ಹೆದರಿ ಬಿಟ್ಟು ಹೋದವರೂ ಇದ್ದಾರೆ.

ಇನ್ನು ಜೋಡಿಗಳ ವಿಷಯ. "ಎರಡೂ ಹೆಣ್ಣು" ಎಂದು ಅಂಗಡಿಯವರು ಕೊಟ್ಟಿರುತ್ತಾರೆ. ಮರಿಯಲ್ಲಿ ಗಂಡು ಹೆಣ್ಣು ಗುರುತಿಸುವುದು ಕಷ್ಟ, ಒಪ್ಪೋಣ. ಆದರೆ ಆರು ಮರಿಯ ಫೋಟೋ ತೋರಿಸಿದರೂ ಒಬ್ಬ ಅಂಗಡಿಯವರು "ನಾವು ಕೊಟ್ಟಿದ್ದು ಎರಡೂ ಹೆಣ್ಣೇ" ಎಂದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವುದನ್ನು ನಾನು ಕಣ್ಣಾರೆ ನೋಡಿದ್ದು ಅವತ್ತೇ. ಮೊಲದ ಬಸಿರು 31 ದಿನ. ಹೆತ್ತ ದಿನವೇ ಮತ್ತೆ ಬಸಿರಾಗಬಹುದು. ಎರಡು ತಂದವರ ಮನೆಯಲ್ಲಿ ಮೂರು ತಿಂಗಳಿಗೆ ಹದಿನಾಲ್ಕು. ಆಮೇಲೆ ರಟ್ಟಿನ ಡಬ್ಬ, ಪಾರ್ಕು. ಅದಕ್ಕೇ ಬಂದ ದಿನವೇ ಗಂಡು ಹೆಣ್ಣನ್ನು ಬೇರೆ ಮಾಡುತ್ತೇನೆ. ಇನ್ನೊಂದು ಮಾತು: ತಾಯಿ ದಿನಕ್ಕೆ ಒಂದೆರಡು ಸಲ, ಅದೂ ಕೆಲವೇ ನಿಮಿಷ ಹಾಲು ಕುಡಿಸುವುದು. "ತಾಯಿ ಹತ್ತಿರ ಹೋಗ್ತಾನೇ ಇಲ್ಲ" ಎಂದು ಮರಿಗಳನ್ನು ಎತ್ತಿಕೊಂಡು ಬರಬೇಡಿ. ಹೊಟ್ಟೆ ಉಬ್ಬಿ ಬೆಚ್ಚಗಿದ್ದರೆ ಕುಡಿದಿವೆ ಎಂದೇ ತಿಳಿಯಿರಿ.

ಮರಿಯಾಗದ ಹಾಗೆ ಆಪರೇಷನ್ ಮಾಡಿಸುವುದು ದುಬಾರಿ, ಆದರೆ ಮಾಡಿಸದ ಹೆಣ್ಣುಮೊಲಗಳಿಗೆ ವಯಸ್ಸಾದ ಮೇಲೆ ಗರ್ಭಕೋಶದ ಕ್ಯಾನ್ಸರ್ ತುಂಬಾ ಬರುತ್ತದೆ. ಡಾಕ್ಟರನ್ನು ಹುಡುಕುವುದೇ ದೊಡ್ಡ ಕೆಲಸ. ಒಂದು ಕಡೆ "ಹಿಂದಿನ ರಾತ್ರಿಯಿಂದ ಏನೂ ಕೊಡಬೇಡಿ" ಅಂದರು, ನಾಯಿಗೆ ಹೇಳುವ ಹಾಗೆ. ನಾನು ಆಗ ಹೊಸಬಳು, ಹೇಳಿದ ಹಾಗೇ ಮಾಡಿದೆ. ವಾಂತಿಯೇ ಮಾಡದ ಪ್ರಾಣಿಗೆ ಉಪವಾಸ ಯಾಕೆ ಎಂದು ಹೊಳೆಯಲಿಲ್ಲ. ಆ ಮೊಲದ ಕರುಳು ಮತ್ತೆ ಶುರುವಾಗಲೇ ಇಲ್ಲ. ಈಗ ಡಾಕ್ಟರ ಹತ್ತಿರ ನಾನು ಕೇಳುವ ಮೊದಲ ಪ್ರಶ್ನೆ ಅದೇ. ಉಪವಾಸ ಅಂದರೆ ನಮಸ್ಕಾರ ಹೇಳಿ ಎದ್ದು ಬರುತ್ತೇನೆ.

ಹೋದ ಏಪ್ರಿಲ್‌ನಲ್ಲಿ ಮಧ್ಯಾಹ್ನ ಗೇಟಿನ ಹತ್ತಿರ ಒಬ್ಬರು ಬಂದು ನಿಂತರು. ಕೈಯಲ್ಲಿ ರಟ್ಟಿನ ಡಬ್ಬ, ಪಕ್ಕದಲ್ಲಿ ಎಂಟು ವರ್ಷದ ಹುಡುಗಿ, ಅತ್ತು ಅತ್ತು ಮುಖ ಕೆಂಪಾಗಿತ್ತು. "ಬೈಬೇಡಿ ಮೇಡಂ" ಎಂದೇ ಅವರು ಮಾತು ಶುರು ಮಾಡಿದ್ದು. ಒಳಗೆ ಕರೆದೆ. ಡಬ್ಬದೊಳಗಿನ ಮೊಲ ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ನಮ್ಮತ್ತೆ ಆಗಲೇ ಗೋಣಿಚೀಲ ನೆನೆಸಿ ನೆಲಕ್ಕೆ ಹಾಸಿದರು. ಮೊಲ ಮೈಯ ಬಿಸಿಯನ್ನು ಹೊರಗೆ ಹಾಕುವುದು ಕಿವಿಯಿಂದ. ಒದ್ದೆ ಬಟ್ಟೆಯಲ್ಲಿ ಎರಡೂ ಕಿವಿ ಒರೆಸಿದೆ. ಹತ್ತು ನಿಮಿಷಕ್ಕೆ ಬಾಯಿ ಮುಚ್ಚಿತು. ಆಮೇಲೆ ಆಟೋ ಹಿಡಿದು ಡಾಕ್ಟರಿಗೂ ತೋರಿಸಿಕೊಂಡು ಬಂದೆವು.

"ಏನು ತಿನ್ನುತ್ತಿತ್ತು?" ಅಷ್ಟೇ ಕೇಳಿದೆ. ಅಪ್ಪ ಮಗಳ ಮುಖ ನೋಡಿದರು. "ಬ್ರೆಡ್ಡು, ಕ್ಯಾರೆಟ್ಟು, ನನ್ನ ಕಾರ್ನ್ ಫ್ಲೇಕ್ಸು" ಎಂದಳು ಅವಳು. ಡಬ್ಬದ ಮೂಲೆಯಲ್ಲಿದ್ದ ಹಿಕ್ಕೆಯನ್ನು ಅಂಗೈಯಲ್ಲಿ ಹಾಕಿ ತೋರಿಸಿದೆ. ಮೆಣಸು, ತೊಗರಿಕಾಳು, ಕಡಲೆಕಾಳಿನ ಲೆಕ್ಕ ಹೇಳಿದೆ. ಮೂಗು ಮುಚ್ಚಿಕೊಂಡೇ ಬಗ್ಗಿ ನೋಡಿದಳು.

ಮುಂದಿನ ಭಾನುವಾರ ಇಬ್ಬರೂ ಮತ್ತೆ ಬಂದರು. ಹುಡುಗಿಯ ಕೈಯಲ್ಲಿ ಒಂದು ಚೀಲ ಗರಿಕೆ, ಬೇರಿನ ಮಣ್ಣು ಸಮೇತ ಕಿತ್ತದ್ದು.

"ಆಂಟಿ, ಕಡಲೆಕಾಳಷ್ಟಾಯ್ತಾ?"

"ಇನ್ನೂ ಇಲ್ಲ ಪುಟ್ಟ, ತೊಗರಿಕಾಳು. ಮೊದಲು ಈ ಮಣ್ಣು ತೊಳೆಯೋಣ ಬಾ" ಅಂದೆ.