ಚಳಿಯಲ್ಲೂ ಉಬ್ಬುವ ತಟ್ಟೆ ಇಡ್ಲಿ ಹಿಟ್ಟು: ಹೊಸ ವರ್ಷದ ಸಂಕಲ್ಪಕ್ಕೆ ಡಿಸೆಂಬರ್‌ನಲ್ಲೇ ತಾಲೀಮು

ಜನವರಿ ಒಂದರಿಂದ ಅಂಗಡಿಯ ಪ್ಯಾಕೆಟ್ ಹಿಟ್ಟು ತರುವುದು ಬೇಡ, ಮನೆಯಲ್ಲೇ ರುಬ್ಬೋಣ ಎಂದು ಹೊಸ ವರ್ಷಕ್ಕೆ ಮನಸ್ಸು ಮಾಡಿದವರು ಸಂಕ್ರಾಂತಿಯ ಎಳ್ಳು ಬೀರುವ ಹೊತ್ತಿಗೆ ಮತ್ತೆ ಪ್ಯಾಕೆಟ್ ಹಿಡಿದಿರುತ್ತಾರೆ. ಇದಕ್ಕೆ ಸೋಮಾರಿತನವನ್ನು ದೂರಬೇಕಿಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಈ ದಿನಗಳಲ್ಲಿ ರಾತ್ರಿಯ ಉಷ್ಣಾಂಶ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಇಡ್ಲಿ ಹಿಟ್ಟನ್ನು ಉಬ್ಬಿಸುವ ಬ್ಯಾಕ್ಟೀರಿಯಾಗಳು ಚುರುಕಾಗುವುದು 28ರಿಂದ 32 ಡಿಗ್ರಿಯಲ್ಲಿ. 20ಕ್ಕಿಂತ ಕೆಳಗೆ ಅವುಗಳ ಕೆಲಸ ತೀರಾ ನಿಧಾನ. ಸಂಜೆ ರುಬ್ಬಿದ ಹಿಟ್ಟು ಬೆಳಿಗ್ಗೆಯೂ ಇಟ್ಟಲ್ಲೇ ಇರುತ್ತದೆ, ಇಡ್ಲಿ ಗಟ್ಟಿಯಾಗುತ್ತದೆ, ಎರಡು ಸಲ ಹೀಗಾದರೆ ಉತ್ಸಾಹವೂ ಇಳಿಯುತ್ತದೆ.

ಆದ್ದರಿಂದ ಕ್ರಿಸ್‌ಮಸ್ ರಜೆಯಲ್ಲಿ, ಚಳಿ ಜೋರಾಗಿರುವಾಗಲೇ ಇದನ್ನು ಕಲಿಯುವುದು ಒಳ್ಳೆಯದು. ಈಗ ಕೈ ಹಿಡಿದ ಅಳತೆ ಮುಂದಿನ ತಿಂಗಳುಗಳಲ್ಲೂ ಕೈ ಬಿಡುವುದಿಲ್ಲ.

ಸಂಕಲ್ಪವನ್ನೂ ಅಳತೆ ಹಾಕಿ ಬರೆದುಕೊಳ್ಳಿ. ‘ಇನ್ನು ಮೇಲೆ ಎಲ್ಲವೂ ಮನೆಯದೇ’ ಎಂದರೆ ನಡೆಯುವುದಿಲ್ಲ. ‘ವಾರಕ್ಕೊಮ್ಮೆ, ಶನಿವಾರ ನೆನೆಹಾಕಿ ಭಾನುವಾರ ಇಡ್ಲಿ’ ಎಂದರೆ ನಡೆಯುತ್ತದೆ. ಚಳಿಗಾಲದ ವೇಳಾಪಟ್ಟಿ ಹೀಗಿರಲಿ: ಶನಿವಾರ ಬೆಳಿಗ್ಗೆ 11ಕ್ಕೆ ನೆನೆಹಾಕುವುದು, ಸಂಜೆ 4.30ಕ್ಕೆ ರುಬ್ಬಲು ಕೂರುವುದು, 6 ಗಂಟೆಗೆ ಹಿಟ್ಟು ಬೆಚ್ಚಗಿನ ಜಾಗ ಸೇರುವುದು, ಭಾನುವಾರ 8 ಗಂಟೆಗೆ ಬೇಯಿಸುವುದು. ಹುದುಗು ಬರಲು 14 ಗಂಟೆ ಸಿಗುತ್ತದೆ. ರಾತ್ರಿ 10ಕ್ಕೆ ರುಬ್ಬಿ ಬೆಳಿಗ್ಗೆ 7ಕ್ಕೆ ಇಡ್ಲಿ ಬೇಕೆಂದರೆ ಡಿಸೆಂಬರ್‌ನಲ್ಲಿ ಆಗದು.

ಅಳತೆ

ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿಂದವರಿಗೆ ಅದರ ಮೆದು ಗೊತ್ತು. ಮನೆಯಲ್ಲಿ ಅದರ ಹತ್ತಿರಕ್ಕೆ ಬರಲು ಸಬ್ಬಕ್ಕಿ ಮತ್ತು ಅವಲಕ್ಕಿ ನೆರವಾಗುತ್ತವೆ. ಸುಮಾರು 20 ಇಡ್ಲಿಗೆ:

ಇಡ್ಲಿ ಅಕ್ಕಿ 600 ಗ್ರಾಂ
ಉದ್ದಿನಬೇಳೆ (ಇಡಿ ಉದ್ದಾದರೆ ಇನ್ನೂ ಒಳ್ಳೆಯದು) 200 ಗ್ರಾಂ
ಗಟ್ಟಿ ಅವಲಕ್ಕಿ 75 ಗ್ರಾಂ
ಸಬ್ಬಕ್ಕಿ 50 ಗ್ರಾಂ
ಮೆಂತ್ಯ 1 ಟೀ ಚಮಚ
ಕಲ್ಲುಪ್ಪು 20 ಗ್ರಾಂ

ತಕ್ಕಡಿ ಇಲ್ಲದವರು ಯಾವುದಾದರೂ ಒಂದೇ ಪಾವಿನಲ್ಲಿ ಅಕ್ಕಿ ಮೂರು, ಉದ್ದು ಒಂದು ಎಂದು ಅಳೆಯಬಹುದು. ಉದ್ದು ಹೊಸದಾಗಿರಲಿ. ಹಿಟ್ಟನ್ನು ಉಬ್ಬಿಸುವ ಲ್ಯೂಕೊನೊಸ್ಟಾಕ್ ಮೆಸೆಂಟರಾಯಿಡಿಸ್ ಎಂಬ ಬ್ಯಾಕ್ಟೀರಿಯಾ ಮುಖ್ಯವಾಗಿ ಬರುವುದು ಉದ್ದಿನಿಂದಲೇ. ಅದು ಬಿಡುವ ಗಾಳಿಯನ್ನು ಗುಳ್ಳೆಗಳಾಗಿ ಹಿಡಿದಿಡುವ ಅಂಟೂ ಉದ್ದಿನದ್ದೇ. ಡಬ್ಬದ ತಳದಲ್ಲಿ ವರ್ಷದಿಂದ ಬಿದ್ದಿರುವ ಬೇಳೆಯಿಂದ ನೊರೆ ಬರುವುದಿಲ್ಲ.

ಉದ್ದು ಮತ್ತು ಮೆಂತ್ಯ ಒಂದು ಪಾತ್ರೆಯಲ್ಲಿ, ಅಕ್ಕಿ ಮತ್ತು ಸಬ್ಬಕ್ಕಿ ಇನ್ನೊಂದರಲ್ಲಿ, ಎರಡನ್ನೂ ಐದು ಗಂಟೆಗೂ ಸ್ವಲ್ಪ ಹೆಚ್ಚು ಕಾಲ ನೆನೆಸಿ. ಅವಲಕ್ಕಿಯನ್ನು ರುಬ್ಬುವ ಅರ್ಧ ಗಂಟೆ ಮುಂಚೆ ನೆನೆಸಿದರೆ ಸಾಕು. ಕೊಳವೆಬಾವಿಯ ನೀರು ಗಡುಸಾಗಿದ್ದರೆ ನೆನೆಸಲು, ರುಬ್ಬಲು ಕುಡಿಯುವ ಕ್ಯಾನಿನ ನೀರನ್ನೇ ಬಳಸಿ.

ರುಬ್ಬುವುದು

ಮೊದಲು ಉದ್ದು. ಗ್ರೈಂಡರ್‌ನಲ್ಲಿ 25ರಿಂದ 30 ನಿಮಿಷ, 350ರಿಂದ 400 ಮಿಲಿ ನೀರನ್ನು ಐದಾರು ಸಲ ಚಿಮುಕಿಸುತ್ತಾ ರುಬ್ಬಿ. ಒಂದು ಹನಿ ಹಿಟ್ಟನ್ನು ನೀರಿನ ಲೋಟಕ್ಕೆ ಬಿಡಿ: ತೇಲಿದರೆ ಆಯಿತು, ಮುಳುಗಿದರೆ ಇನ್ನೈದು ನಿಮಿಷ. ಮಿಕ್ಸಿಯಾದರೆ ಎಷ್ಟೇ ಚಳಿಯಿದ್ದರೂ ಉದ್ದಿಗೆ ತಣ್ಣೀರೇ ಬೇಕು, ಜೊತೆಗೆ ನಿಮಿಷಕ್ಕೊಮ್ಮೆ ನಿಲ್ಲಿಸಬೇಕು. ಬ್ಲೇಡಿನ ತಿಕ್ಕಾಟಕ್ಕೆ ಹಿಟ್ಟು ಬಿಸಿಯೇರುತ್ತದೆ, ನೊರೆಯೂ ಕಡಿಮೆಯಾಗುತ್ತದೆ.

ಆಮೇಲೆ ಅಕ್ಕಿ, ಸಬ್ಬಕ್ಕಿ, ಅವಲಕ್ಕಿ. ಸಣ್ಣ ರವೆಯಷ್ಟು ತರಿ ಇರಲಿ. ಚಳಿಗಾಲದ ಮೊದಲ ಬದಲಾವಣೆ ಇಲ್ಲೇ: ಅಕ್ಕಿಗೆ ಹಾಕುವ 400 ಮಿಲಿ ನೀರು ಬೆಚ್ಚಗಿರಬೇಕು. ಒಂದು ಲೋಟ ಕುದಿಯುವ ನೀರಿಗೆ ಎರಡು ಲೋಟ ನಲ್ಲಿ ನೀರು ಬೆರೆಸಿದರೆ ಸುಮಾರು 45 ಡಿಗ್ರಿಗೆ ಬರುತ್ತದೆ. ಇದಕ್ಕಿಂತ ಬಿಸಿ ಬೇಡ. 50 ದಾಟಿದರೆ ಬೇಕಾದ ಬ್ಯಾಕ್ಟೀರಿಯಾಗಳೇ ಸಾಯತೊಡಗುತ್ತವೆ.

ಎರಡೂ ಹಿಟ್ಟನ್ನು ಉಪ್ಪಿನೊಂದಿಗೆ ಕೈಯಿಂದಲೇ ಕಲಸಿ. ಕೈಯ ಶಾಖದಿಂದ ಹುದುಗು ಬರುತ್ತದೆ ಎಂಬ ಮಾತಿದ್ದರೂ, ಕೈ ಹಾಕುವುದರ ನಿಜವಾದ ಲಾಭ ಹಿಟ್ಟು ತಣ್ಣಗಿದೆಯೋ ಬೆಚ್ಚಗಿದೆಯೋ ತಿಳಿಯುವುದು. ಉಪ್ಪನ್ನು ಬೆಳಿಗ್ಗೆಗೆ ಉಳಿಸಬೇಡಿ. ಇಷ್ಟು ಪ್ರಮಾಣ ಹುದುಗಿಗೆ ಅಡ್ಡಿಯಾಗುವುದಿಲ್ಲ. ಬೆಳಿಗ್ಗೆ ಉಪ್ಪು ಹಾಕಿ ತಿರುವಿದರೆ ರಾತ್ರಿಯೆಲ್ಲ ಕೂಡಿದ ಗಾಳಿ ಹೋಗಿಬಿಡುತ್ತದೆ.

ಬೆಚ್ಚಗಿಡುವುದು

ಅನೇಕರು ಎಡವುವುದು ಇಲ್ಲಿ. ಹಿಟ್ಟಿನ ಪಾತ್ರೆಗೆ ಕಂಬಳಿ ಸುತ್ತಿ ಮೂಲೆಗಿಟ್ಟು, ‘ಬೆಚ್ಚಗಿಟ್ಟೆವು’ ಎಂದುಕೊಳ್ಳುತ್ತಾರೆ. ಕಂಬಳಿಗೆ ತನ್ನದೇ ಶಾಖವಿಲ್ಲ. ನಮ್ಮ ಮೈ ಬಿಸಿಯನ್ನು ಅದು ಹಿಡಿದಿಡುತ್ತದೆ, ಅದಕ್ಕೇ ನಮಗೆ ಬೆಚ್ಚಗೆನಿಸುತ್ತದೆ. 18 ಡಿಗ್ರಿಯ ಹಿಟ್ಟಿಗೆ ಕಂಬಳಿ ಸುತ್ತಿದರೆ ಆ 18 ಡಿಗ್ರಿಯನ್ನೇ ಬೆಳಗಿನವರೆಗೂ ಜೋಪಾನ ಮಾಡಿದಂತಾಗುತ್ತದೆ. ಮೊದಲು ಹಿಟ್ಟನ್ನು ಬೆಚ್ಚಗೆ ಮಾಡಿ, ಆಮೇಲೆ ಸುತ್ತಿ.

ಬೆರಳಿಗೆ ತಣ್ಣಗೆನಿಸಿದರೆ ಪಾತ್ರೆಯನ್ನು 45 ಡಿಗ್ರಿ ನೀರಿರುವ ಟಬ್ಬಿನಲ್ಲಿ 20 ನಿಮಿಷ ಇಟ್ಟು, ತಳದಿಂದ ಮೇಲಕ್ಕೆ ನಿಧಾನ ತಿರುವಿ. ಹಿಟ್ಟು ತಣ್ಣಗೂ ಇಲ್ಲ, ಬಿಸಿಯೂ ಇಲ್ಲ ಎನಿಸಿದಾಗ ಅದು 30ರ ಹತ್ತಿರ ಬಂದಿರುತ್ತದೆ. ಪಾತ್ರೆ 5 ಲೀಟರ್‌ನದ್ದಿರಲಿ. ಎರಡು ಲೀಟರಿನಷ್ಟು ಹಿಟ್ಟು ಇಮ್ಮಡಿಯಾಗಲು ಜಾಗ ಬೇಕು.

ಇನ್ನು ಇಡುವ ಜಾಗ. ಅಗ್ಗದ, ನಂಬಬಹುದಾದ ದಾರಿ ಥರ್ಮೋಕೋಲ್ ಪೆಟ್ಟಿಗೆ. ಹಿಟ್ಟಿನ ಪಾತ್ರೆಯ ಪಕ್ಕದಲ್ಲಿ ಒಂದೊಂದು ಲೀಟರ್ ಬಿಸಿನೀರು ತುಂಬಿದ ಎರಡು ಸ್ಟೀಲ್ ಬಾಟಲಿ ಇಟ್ಟು ಮುಚ್ಚಳ ಹಾಕಿ. ಬಾಟಲಿ ಪಾತ್ರೆಗೆ ತಾಗದಂತೆ ನಡುವೆ ಒಂದು ಟವೆಲ್ ಇರಲಿ. ಮಲಗುವ ಮುಂಚೆ ಒಮ್ಮೆ ನೀರು ಬದಲಿಸಿ. ಹಳ್ಳಿ ಮನೆಗಳಲ್ಲಿ ಬಚ್ಚಲ ಹಂಡೆ ಒಲೆಯ ಪಕ್ಕದ ಗೋಡೆ ಇದೇ ಕೆಲಸ ಮಾಡುತ್ತದೆ. ಒಲೆಯ ಮೇಲೆ ಮಾತ್ರ ಇಡಬೇಡಿ, ತಳ ಬೆಂದುಹೋಗುತ್ತದೆ.

ಮೂರು ಲೋಟದ ಪರೀಕ್ಷೆ

ರಜೆಯಲ್ಲಿ ಮನೆಯಲ್ಲಿರುವ ಮಕ್ಕಳಿಗೆ ಈ ಕೆಲಸ ಒಪ್ಪಿಸಿ. ಒಂದೇ ಹಿಟ್ಟನ್ನು ಮೂರು ಗಾಜಿನ ಲೋಟಗಳಿಗೆ ಅರ್ಧದವರೆಗೆ ಹಾಕಿ, ಮಟ್ಟಕ್ಕೆ ರಬ್ಬರ್‌ಬ್ಯಾಂಡ್ ಕಟ್ಟಲಿ. ಒಂದು ಅಡುಗೆಕಟ್ಟೆಯ ಮೇಲೆ, ಇನ್ನೊಂದು ಕಂಬಳಿಯಲ್ಲಿ, ಮೂರನೆಯದು ಬಿಸಿನೀರಿನ ಪೆಟ್ಟಿಗೆಯಲ್ಲಿ. ಎರಡೆರಡು ಗಂಟೆಗೊಮ್ಮೆ ಎಷ್ಟು ಬೆರಳು ಏರಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ಮುಂದಿನ ವಾರ ಇನ್ನೊಂದು ಸಂಗತಿಯನ್ನು ಮಾತ್ರ ಬದಲಿಸಿ: ಒಂದಕ್ಕೆ ಹಿಂದಿನ ವಾರದ ಹುಳಿ ಹಿಟ್ಟು ಒಂದು ಚಮಚ, ಇನ್ನೊಂದಕ್ಕೆ ಅಷ್ಟೇ ಮೊಸರು, ಮೂರನೆಯದಕ್ಕೆ ಏನೂ ಬೇಡ, ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿಡಿ. ಒಂದೇ ಸಲಕ್ಕೆ ಎರಡು ಸಂಗತಿ ಬದಲಿಸಿದರೆ ಯಾವುದರಿಂದ ಏನಾಯಿತು ಎಂಬುದು ತಿಳಿಯುವುದೇ ಇಲ್ಲ. ಈ ನೋಟ್‌ಬುಕ್ ಸಂಕಲ್ಪವನ್ನೂ ಕಾಯುತ್ತದೆ: ಹೋದ ಭಾನುವಾರ ಎಷ್ಟು ಏರಿತ್ತು ಎಂಬುದು ಕಣ್ಣೆದುರಿಗಿದ್ದರೆ ಈ ಶನಿವಾರ ನೆನೆಹಾಕಲು ಮನಸ್ಸಾಗುತ್ತದೆ.

ಬೇಯಿಸುವುದು

ಹಿಟ್ಟು ಪೌನೆರಡು ಪಟ್ಟಿನಿಂದ ಎರಡು ಪಟ್ಟು ಏರಿ, ಮೇಲೆ ಗುಳ್ಳೆ ಕಂಡರೆ ಸಿದ್ಧ. ತಿರುವಬೇಡಿ. ಸೌಟನ್ನು ಬದಿಯಿಂದ ಇಳಿಸಿ ಎತ್ತಿ, ಎಣ್ಣೆ ಸವರಿದ ತಟ್ಟೆಗೆ ಅರ್ಧದಷ್ಟು ಹಾಕಿ. ತಟ್ಟೆ ಇಡ್ಲಿ ಸ್ಟ್ಯಾಂಡ್ ಇಲ್ಲದಿದ್ದರೆ 12 ಸೆಂಟಿಮೀಟರ್ ಅಗಲದ, ಅಂಚಿರುವ ಸ್ಟೀಲ್ ತಟ್ಟೆ ಆದೀತು. ಪಾತ್ರೆಯ ನೀರು ಕುದಿದು ಹಬೆ ಬಂದ ಮೇಲಷ್ಟೇ ತಟ್ಟೆ ಒಳಗಿಡಿ. ಸಮುದ್ರಮಟ್ಟದಿಂದ 800–900 ಮೀಟರ್ ಎತ್ತರದ ಈ ಊರುಗಳಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ, ಆದ್ದರಿಂದ ಪೂರ್ತಿ 15 ನಿಮಿಷ ಕೊಡಿ. ಮುಚ್ಚಳಕ್ಕೆ ಬಟ್ಟೆ ಕಟ್ಟಿದರೆ ಹಬೆಯ ನೀರು ಇಡ್ಲಿ ಮೇಲೆ ತೊಟ್ಟಿಕ್ಕುವುದಿಲ್ಲ. ಇಳಿಸಿದ ಮೇಲೆ ನಾಲ್ಕು ನಿಮಿಷ ಬಿಟ್ಟು ಎಬ್ಬಿಸಿ. ಆತುರಪಟ್ಟರೆ ತಳ ಅಂಟುತ್ತದೆ.

ಏನು ತಪ್ಪುತ್ತದೆ, ಏಕೆ

ಹುಳಿ ಬಂದಿದೆ, ಉಬ್ಬಿಲ್ಲ: ನೀರು ಹೆಚ್ಚಾಗಿದೆ, ಇಲ್ಲವೇ ಉದ್ದಿನ ನೊರೆ ಸಾಕಷ್ಟು ಬಂದಿಲ್ಲ, ಗಾಳಿ ನಿಲ್ಲದೆ ಹೋಗಿದೆ. ಇದನ್ನು ದೋಸೆಗೆ ಬಳಸಿ.

ಹುಳಿಯೂ ಇಲ್ಲ, ಉಬ್ಬೂ ಇಲ್ಲ: ಬರೀ ಚಳಿ. ಚೆಲ್ಲಬೇಡಿ, ಬಿಸಿನೀರಿನ ಟಬ್ಬಿನಲ್ಲಿಟ್ಟು ಇನ್ನು ಮೂರು ನಾಲ್ಕು ಗಂಟೆ ಕಾಯಿರಿ. ಅಡುಗೆ ಸೋಡಾ ಹಾಕಿದರೆ ಇಡ್ಲಿ ಉಬ್ಬೀತು, ಆದರೆ ಹುದುಗಿನ ರುಚಿ ಬರುವುದಿಲ್ಲ, ಬಣ್ಣವೂ ಹಳದಿಗೆ ತಿರುಗುತ್ತದೆ.

ಉಬ್ಬಿ ಕುಸಿದಿದೆ: ಹೊತ್ತು ಮೀರಿದೆ. ಮುಂದಿನ ಸಲ ಎರಡು ಗಂಟೆ ಕಡಿಮೆ ಮಾಡಿ.

ಮೇಲೆ ಗುಲಾಬಿ, ಕಿತ್ತಳೆ ಅಥವಾ ಕಪ್ಪು ಚುಕ್ಕೆ ಕಂಡರೆ ಪೂರ್ತಿ ಚೆಲ್ಲಿ. ಮೇಲಿನದನ್ನು ತೆಗೆದು ಬಳಸಬಾರದು.

ಉಳಿದ ಹಿಟ್ಟು ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ ಇರುತ್ತದೆ. ಬೇಕಾದಷ್ಟನ್ನೇ ಹೊರತೆಗೆದು, ಒಂದು ಗಂಟೆ ಬಿಟ್ಟು ಬೇಯಿಸಿ. ಜೊತೆಗೆ ಕೆಂಪು ಚಟ್ನಿ ಸರಿ, ಆದರೆ ಸೊಗಡಿನ ಅವರೆ ಸಿಗುವ ಈ ಎರಡು ತಿಂಗಳಲ್ಲಿ ಹಿತಕಿದ ಬೇಳೆ ಸಾರನ್ನು ಬಿಡಬಾರದು. ಶನಿವಾರ ಅಕ್ಕಿಯ ಜೊತೆಗೇ ಸುಲಿದ ಕಾಳನ್ನೂ ನೆನೆಹಾಕಿದರೆ ರಾತ್ರಿ ಕೂತು ಹಿತಕಬಹುದು.

ಶಿವರಾತ್ರಿ ಕಳೆದು ಬಿಸಿಲೇರಿದ ಮೇಲೆ ಇದೇ ಅಳತೆಗೆ ಪೆಟ್ಟಿಗೆ ಬೇಡ, ಬಿಸಿನೀರೂ ಬೇಡ. ಅಕ್ಕಿಗೂ ತಣ್ಣೀರು ಹಾಕಿ, ರುಬ್ಬುವುದನ್ನು ರಾತ್ರಿ 9ಕ್ಕೆ ಮುಂದೂಡಿ, ಪಾತ್ರೆಯ ಕೆಳಗೊಂದು ತಟ್ಟೆ ಇಡಿ. ಏಪ್ರಿಲ್‌ನಲ್ಲಿ ಎಂಟು ಗಂಟೆಗೆಲ್ಲ ಹಿಟ್ಟು ಅಂಚು ದಾಟಿ ಹರಿಯುತ್ತದೆ.