ಖುರಾಸಾನಿನ ಕಂಚಿನ ಸಿಂಹ ಕೊಳ್ಳುವ ಮುನ್ನ

ತುರ್ಕಿ ಮೂಲದ ಸೆಲ್ಜೂಕ್ ಅರಸರ ಕಾಲದಲ್ಲಿ (11–12ನೇ ಶತಮಾನ) ಪೂರ್ವ ಇರಾನಿನ ಖುರಾಸಾನ್ ಪ್ರಾಂತ್ಯದಲ್ಲಿ ಸಿಂಹ, ಕಾಡುಬೆಕ್ಕುಗಳ ಆಕಾರದ ಧೂಪದಾನಿಗಳನ್ನು ಎರಕ ಹೊಯ್ಯುತ್ತಿದ್ದರು. ತಲೆ ತೆಗೆದು ಹೊಟ್ಟೆಯೊಳಗೆ ಕೆಂಡ, ಧೂಪ ಹಾಕಿದರೆ ಮೈಮೇಲಿನ ಜಾಲರಿಯಿಂದ ಹೊಗೆ ಏಳುತ್ತಿತ್ತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ 1181–82ರ ಇಂಥ ಸಿಂಹವೊಂದಿದೆ. ಎತ್ತರ ಸುಮಾರು 85 ಸೆಂ.ಮೀ.; ಮಾಡಿದ ಜಾಫರ್ ಇಬ್ನ್ ಮುಹಮ್ಮದ್‌ನ ಹೆಸರು ಮೈಮೇಲೇ ಇದೆ. ಮಾರಾಟಕ್ಕೆ ಬರುವವು ಸಾಮಾನ್ಯವಾಗಿ ಇದಕ್ಕಿಂತ ಬಹಳ ಚಿಕ್ಕವು. ನಕಲುಗಳೂ ಇವೆ.

ಮೊದಲು ಕಾಗದ ಕೇಳಿ. ಅಕ್ರಮ ಸಾಗಣೆ ತಡೆಯುವ ಯುನೆಸ್ಕೊ ಒಪ್ಪಂದವಾದ 1970ಕ್ಕೂ ಮೊದಲೇ ವಸ್ತು ತನ್ನ ದೇಶದಿಂದ ಹೊರಬಿದ್ದಿತ್ತು ಎಂದು ತೋರಿಸುವ ರಸೀದಿ, ಹರಾಜಿನ ಕ್ಯಾಟಲಾಗ್ ಅಥವಾ ಹಳೆಯ ಫೋಟೊ ಬೇಕು. ‘ಯೂರೋಪಿನ ಖಾಸಗಿ ಸಂಗ್ರಹದ್ದು’ ಎಂಬ ಒಂದು ಸಾಲು ದಾಖಲೆಯಾಗದು. ಕಾಗದವಿಲ್ಲವೇ? ಪ್ರಾಣಿ ಎಷ್ಟೇ ಚೆಂದವಿದ್ದರೂ ಬಿಟ್ಟುಬಿಡಿ; ಲೂಟಿಯಾದ ಮಾಲು ಇದೇ ದಾರಿಯಲ್ಲಿ ಬರುತ್ತದೆ. ಭಾರತದಲ್ಲಿದ್ದರೆ 1972ರ ಪ್ರಾಚೀನ ವಸ್ತುಗಳ ಕಾಯ್ದೆಯೂ ನೆನಪಿರಲಿ: ನೂರು ವರ್ಷ ದಾಟಿದ ಲೋಹಶಿಲ್ಪವನ್ನು ನೋಂದಾಯಿಸಬೇಕು, ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ.

ಆಮೇಲೆ ಹತ್ತು ಪಟ್ಟಿನ ಭೂತಗನ್ನಡಿ ಹಿಡಿದು ಎದೆಯ ಮೇಲಿನ ಅಕ್ಷರಗಳನ್ನು ನೋಡಿ. ಎರಕವಾದ ಮೇಲೆ ಉಳಿಯಿಂದ ಕೊರೆದ ಗೆರೆಯ ಅಂಚು ಚೂಪಾಗಿರುತ್ತದೆ, ತಳದಲ್ಲಿ ಉಳಿ ಸರಿದ ಗುರುತು ಕಾಣುತ್ತದೆ. ಅಸಲಿನ ಮೇಲೆ ಅಚ್ಚು ತೆಗೆದು ಹೊಯ್ದ ನಕಲಿನಲ್ಲಿ ಗೆರೆಯೂ ಎರಕದಲ್ಲೇ ಬಂದಿರುವುದರಿಂದ ಅಂಚು ಕರಗಿದ ಬೆಲ್ಲದಂತೆ ದುಂಡಗಿರುತ್ತದೆ. ಪ್ರಯೋಗಾಲಯಕ್ಕೆ ಹೋಗದೆ ಇಷ್ಟು ಒಳ್ಳೆಯ ಸುಳಿವು ಸಿಗುವುದು ಅಪರೂಪ.

ಕಿಲುಬು ಹಳೆಯದಾದರೆ ಪದರ ಪದರವಾಗಿ ಲೋಹಕ್ಕೆ ಕಚ್ಚಿಕೊಂಡಿರುತ್ತದೆ: ಮೇಲೆ ಹಸಿರು, ಕೆಳಗೆ ಇಟ್ಟಿಗೆ ಕೆಂಪು. ಬಣ್ಣ ಬಳಿದದ್ದಾದರೆ ಅಸಿಟೋನ್ ಅದ್ದಿದ ಹತ್ತಿಗೆ ಅಂಟಿ ಬರಬಹುದು. ಒಡೆಯರ ಒಪ್ಪಿಗೆಯಿಲ್ಲದೆ ಇದನ್ನು ಮಾಡಬೇಡಿ. ಕತ್ತು ಮತ್ತು ಕಾಲಿನ ಕೀಲುಗಳಲ್ಲಿ ಬಣ್ಣ ಥಟ್ಟನೆ ಬದಲಾದರೆ ಒಂದರ ತಲೆಯನ್ನು ಇನ್ನೊಂದರ ಮೈಗೆ ಸೇರಿಸಿರಬಹುದು.

ಎಕ್ಸ್‌ಆರ್‌ಎಫ್ ಪರೀಕ್ಷೆಯನ್ನು (ಎಕ್ಸ್-ಕಿರಣ ಹಾಯಿಸಿ ಯಾವ ಲೋಹ ಎಷ್ಟಿದೆ ಎಂದು ತಿಳಿಯುವ ವಿಧಾನ) ತಲೆ, ಮೈ, ಕಾಲು ಮೂರರಲ್ಲೂ ಮಾಡಿಸಿ. ಅದು ಮೇಲ್ಮೈಯನ್ನಷ್ಟೇ ಓದುವುದರಿಂದ, ಕಿಲುಬು ತೆಗೆದ ಸೂಜಿಮೊನೆಯಷ್ಟು ಜಾಗ ಬೇಕು. ಕಂಚು ಎಂದು ಮಾರುವ ಎಷ್ಟೋ ವಸ್ತುಗಳಲ್ಲಿ ತಾಮ್ರದ ಜೊತೆ ಸತು, ಸೀಸ, ತವರ ಮೂರೂ ಇರುತ್ತವೆ, ಅದು ದೋಷವಲ್ಲ. ಸತು ಶೇ 30 ದಾಟಿದರೆ ಮಾತ್ರ ಅನುಮಾನಪಡಿ. ಸತುವಿನ ಅದಿರನ್ನು ತಾಮ್ರದೊಂದಿಗೆ ಕಾಯಿಸುವ ಆ ಕಾಲದ ವಿಧಾನದಲ್ಲಿ ಅಷ್ಟು ಸತು ಸೇರುವುದು ಕಷ್ಟ. ಒಳಗೆ ಎರಕದ ಮಣ್ಣು ಉಳಿದಿದ್ದರೆ, ಅದು ಕೊನೆಯ ಬಾರಿ ಬೆಂಕಿಯಲ್ಲಿ ಕಾದು ಎಷ್ಟು ಕಾಲವಾಯಿತು ಎಂದು ಅಂದಾಜಿಸುವ ಥರ್ಮೋಲ್ಯುಮಿನೆಸೆನ್ಸ್ ಪರೀಕ್ಷೆ ಸಾಧ್ಯ. ಆದರೆ ಮಣ್ಣನ್ನು ಎಕ್ಸ್‌-ರೇಗೆ ಮೊದಲೇ ತೆಗೆಸಿ, ಇಲ್ಲದಿದ್ದರೆ ಆ ಕಿರಣವೂ ಮಣ್ಣಿನಲ್ಲಿ ಸೇರಿ ಲೆಕ್ಕ ತಪ್ಪುತ್ತದೆ.

ಮನೆಗೆ ತಂದ ಮೇಲೆ ಹುಣಸೆಹಣ್ಣು, ಪಾಲಿಶ್, ನಲ್ಲಿ ನೀರು ಯಾವುದೂ ಸೋಕದಿರಲಿ. ಗಾಜು–ಲೋಹದ ಬೀರುವಿನಲ್ಲಿ ಸಿಲಿಕಾ ಜೆಲ್ ಇಟ್ಟು ತೇವಾಂಶವನ್ನು ಶೇ 40ಕ್ಕಿಂತ ಕೆಳಗಿಡಿ. ಮರದ ಬೀರು ಬೇಡ, ಅದರಿಂದ ಆಮ್ಲದ ಆವಿ ಹೊಮ್ಮುತ್ತದೆ. ಒರೆಸಿದರೂ ಮತ್ತೆ ಮತ್ತೆ ಮೂಡುವ ತಿಳಿಹಸಿರು ಪುಡಿ ಕಂಡರೆ ಅದು ಕ್ಲೋರೈಡಿನಿಂದ ಲೋಹ ಕೊರೆಯುವ ರೋಗ. ವಸ್ತುವನ್ನು ಬೇರೆ ಒಣ ಡಬ್ಬಿಯಲ್ಲಿಟ್ಟು ಸಂರಕ್ಷಣಾ ತಜ್ಞರಿಗೆ ತೋರಿಸಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಕತ್ತಿನ ಕೀಲು ಮತ್ತು ಅಕ್ಷರಗಳ ಸಂದಿಗೆ ಟಾರ್ಚ್ ಬಿಟ್ಟು ನೋಡಿ.