ಸ್ಟಾರ್ ಹಾಕಿ ಕಾಪಿ ಮಾಡ್ದೆ, ಡಾಟ್ ಫೈಲ್‌ಗಳು ಬರ್ಲೇ ಇಲ್ಲ

ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹೊಸದಾಗಿ ಹಾಕ್ಬೇಕಿತ್ತು, ಅದಕ್ಕೆ ಮುಂಚೆ ಪ್ರಾಜೆಕ್ಟ್ ಫೋಲ್ಡರ್ ಒಳಗೆ ಹೋಗಿ ಕಾಪಿ ಮಾಡೋ ಕಮಾಂಡ್ ಸಿಪಿ ಮೈನಸ್ ಆರ್, ಇಲ್ಲಿರೋದೆಲ್ಲ ಅನ್ನೋಕೆ ಸ್ಟಾರ್, ಆಮೇಲೆ ಎಕ್ಸ್‌ಟರ್ನಲ್ ಡಿಸ್ಕಿನ ಪಾತ್, ಇಷ್ಟು ಟೈಪ್ ಮಾಡಿ ಎಂಟರ್ ಒತ್ತಿದೆ. ಒಂದೂ ಎರರ್ ಬರ್ಲಿಲ್ಲ. ಡಿಸ್ಕಲ್ಲಿ ಫೈಲ್ ಪಟ್ಟಿ ತೋರಿಸೋ ಎಲ್‌ಎಸ್ ಹೊಡೆದು ನೋಡಿದ್ರೆ ಇಲ್ಲಿ ಕಾಣೋದೆಲ್ಲ ಅಲ್ಲೂ ಕಾಣ್ತಿತ್ತು, ಸರಿ ಅಂತ ಫಾರ್ಮ್ಯಾಟ್ ಮಾಡ್ಬಿಟ್ಟೆ. ಎಲ್ಲ ಮುಗಿಸಿ ಫೋಲ್ಡರ್ ವಾಪಸ್ ತಂದು ಕೋಡಿನ ಬದಲಾವಣೆಗಳ ಇತಿಹಾಸ ಇಡೋ ಗಿಟ್‌ನಲ್ಲಿ ಲಾಗ್ ಕೇಳಿದ್ರೆ ಇದು ಗಿಟ್ ರೆಪಾಸಿಟರಿನೇ ಅಲ್ಲ ಅಂತು. ಮರೆಯಾಗಿರೋದೂ ಕಾಣೋ ಹಾಗೆ ಎಲ್‌ಎಸ್ ಮೈನಸ್ ಎ ಹೊಡೆದೆ. ಮೊದಲು ಒಂಟಿ ಡಾಟ್ (ಇದೇ ಫೋಲ್ಡರ್), ಅದರ ಪಕ್ಕ ಜೋಡಿ ಡಾಟ್ (ಮೇಲಿನ ಫೋಲ್ಡರ್), ಅಲ್ಲಿಂದ ಸೀದಾ ಮಾಮೂಲಿ ಫೈಲ್‌ಗಳು. ಆ ಇತಿಹಾಸ ಇರೋ ಡಾಟ್ ಗಿಟ್ ಫೋಲ್ಡರ್ ಇಲ್ಲ, ಡೇಟಾಬೇಸ್ ಪಾಸ್‌ವರ್ಡ್ ಇಟ್ಟಿದ್ದ ಡಾಟ್ ಎನ್ವ್ ಫೈಲೂ ಇಲ್ಲ. ಇನ್ನೂ ಸರ್ವರ್‌ಗೆ ಪುಶ್ ಮಾಡಿರದ ಎರಡು ವಾರದ ಕಮಿಟ್‌ಗಳು (ಗಿಟ್‌ನಲ್ಲಿ ದಾಖಲಿಸಿದ ಬದಲಾವಣೆಗಳು) ಹೋದ್ವು, ಕೋಡೇನೋ ಉಳೀತು ಆದ್ರೆ ಯಾವ ಸಾಲು ಯಾವಾಗ ಯಾಕೆ ಬದಲಾಯ್ಸಿದ್ದೆ ಅನ್ನೋ ಲೆಕ್ಕ ಹೋಯ್ತು, ತುಂಬಾ ಸಂಕಟ ಆಯ್ತು.

ಡಾಟ್‌ನಿಂದ ಶುರುವಾಗೋ ಹೆಸರನ್ನ ಎಲ್‌ಎಸ್ ತೋರಿಸಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ದೆ ಇದ್ದಿದ್ದು ಸ್ಟಾರೂ ಅದೇ ರೂಢಿಯಲ್ಲಿ ನಡೆಯುತ್ತೆ ಅನ್ನೋದು. ಸ್ಟಾರ್‌ನ ಬಿಡಿಸಿ ಹೆಸರುಗಳ ಪಟ್ಟಿ ಮಾಡಿಕೊಡೋದು ನಾವು ಟೈಪ್ ಮಾಡಿದ ಕಮಾಂಡ್ ಓದಿ ಓಡಿಸೋ ಶೆಲ್, ಸಿಪಿ ಅಲ್ಲ, ಹಾಗಾಗಿ ಡಾಟ್ ಗಿಟ್ ಅನ್ನೋ ಹೆಸರು ಸಿಪಿ ಕೈಗೆ ತಲುಪ್ಲೇ ಇಲ್ಲ, ಅದು ಎರರ್ ಕೊಡೋದಾದ್ರೂ ಯಾಕೆ? ಇನ್ನೊಂದು ವಿಷಯ, ಒಳಗಿನ ಫೋಲ್ಡರ್‌ಗಳಲ್ಲಿದ್ದ ಡಾಟ್ ಫೈಲ್‌ಗಳೆಲ್ಲ ಸರಿಯಾಗೇ ಬಂದಿದ್ವು, ಯಾಕಂದ್ರೆ ಆ ಫೋಲ್ಡರ್ ಒಳಗೆ ಇಳಿದು ಎಲ್ಲಾನೂ ಎತ್ಕೊಂಡು ಬರೋದು ಸಿಪಿನೇ. ತಪ್ಪಿಹೋಗಿದ್ದು ಮೇಲಿನ ಮಟ್ಟದ್ದು ಮಾತ್ರ.

ಈ ರೂಢಿ ಹುಟ್ಟಿದ ಕಥೆನ ಯೂನಿಕ್ಸ್ ತಂಡದಲ್ಲಿದ್ದ ರಾಬ್ ಪೈಕ್ 2012ರಲ್ಲಿ ಬರೆದಿದ್ರು. ಪ್ರತಿ ಡೈರೆಕ್ಟರಿಲೂ ಇರೋ ಒಂಟಿ ಡಾಟ್, ಜೋಡಿ ಡಾಟ್ ಎರಡನ್ನೂ ಪಟ್ಟಿಯಿಂದ ಬಿಡೋಕೆ ಅಂತ ಎಲ್‌ಎಸ್‌ನಲ್ಲಿ ಮೊದಲ ಅಕ್ಷರ ಡಾಟಾ ಅಂತಷ್ಟೇ ಚೆಕ್ ಮಾಡಿದ್ರಂತೆ, ಅದರಿಂದ ಡಾಟ್ ಇರೋ ಹೆಸರುಗಳೆಲ್ಲ ಮರೆಯಾದ್ವು, ಜನ ಅದನ್ನೇ ಸೆಟ್ಟಿಂಗ್ಸ್ ಬಚ್ಚಿಡೋಕೆ ಬಳಸ್ತಾ ಹೋದ್ರು. ಅಂದ್ರೆ ಲಿನಕ್ಸ್‌ನಲ್ಲಿ ಹಿಡನ್ ಅಂತ ಫೈಲ್ ಮೇಲೆ ಯಾವ ಗುರುತೂ ಇಲ್ಲ, ಇರೋದು ಹೆಸರೊಂದೇ. ವಿಂಡೋಸ್‌ನಲ್ಲಿ ಹಾಗಲ್ಲ, ಅಲ್ಲಿ ಬೇರೆ ಆಟ್ರಿಬ್ಯೂಟೇ ಇದೆ, ಪಟ್ಟಿ ತೋರಿಸೋ ಕಮಾಂಡ್ ಡಿಐಆರ್ ಜೊತೆ ಸ್ಲ್ಯಾಶ್ ಎ ಹಾಕಿದ್ರೆ ಅವೂ ಕಾಣ್ತವೆ.

ಈಗ ಕಾಪಿ ಮಾಡುವಾಗ ಫೋಲ್ಡರ್ ಹೆಸರು, ಸ್ಲ್ಯಾಶ್, ಒಂದು ಡಾಟ್ ಕೊಡ್ತೀನಿ, ಆಗ ಶೆಲ್ ಬಿಡಿಸೋಕೆ ಏನೂ ಇರಲ್ಲ, ಎಲ್ಲಾ ಬರುತ್ತೆ. ಬ್ಯಾಶ್ ಅನ್ನೋ ಶೆಲ್‌ನಲ್ಲಿ, ಸ್ಟಾರ್‌ಗೆ ಡಾಟ್ ಹೆಸರುಗಳನ್ನೂ ಸೇರಿಸೋ ಡಾಟ್‌ಗ್ಲಾಬ್ ಆನ್ ಮಾಡಿದ್ರೂ ಆಗುತ್ತೆ, ಆದ್ರೆ ಅದು ಆನ್ ಇರೋದು ಮರೆತು ಸ್ಟಾರ್ ಹಾಕಿ ಡಿಲೀಟ್ ಹೊಡೆದ್ರೆ ಡಾಟ್ ಫೈಲ್‌ಗಳೂ ಹೋಗ್ತವೆ, ನಾನಂತೂ ಹಾಕಲ್ಲ. ಡಾಟ್ ಸ್ಟಾರ್ ಅಂತ ಬರೆಯೋದಂತೂ ಬೇಡ್ವೇ ಬೇಡ, ಹಳೆ ಬ್ಯಾಶ್‌ನಲ್ಲಿ ಅದು ಜೋಡಿ ಡಾಟನ್ನೂ ಹಿಡ್ಕೊಳ್ಳುತ್ತೆ, ಫೈಲ್‌ಗಳ ಮಾಲೀಕರನ್ನ ಬದಲಾಯ್ಸೋ ಚೌನ್ ಮೈನಸ್ ಆರ್ ಜೊತೆ ಹಾಕಿದ್ರೆ ಮೇಲಿನ ಫೋಲ್ಡರ್‌ಗೂ ಕೈ ಹಾಕಿಬಿಡುತ್ತೆ. ಡೌಟ್ ಇದ್ರೆ ಕಮಾಂಡ್ ಜಾಗದಲ್ಲಿ, ಕೊಟ್ಟಿದ್ದನ್ನ ಹಾಗೇ ತೋರಿಸೋ ಎಕೋ ಇಟ್ಟು ಒಂದ್ಸಲ ಓಡಿಸಿ, ಶೆಲ್ ಯಾವ ಯಾವ ಹೆಸರು ಬಿಡಿಸ್ತು ಅಂತ ಕಣ್ಣಿಗೇ ಕಾಣುತ್ತೆ.

ಡಿಸ್ಕ್ ತುಂಬಿದಾಗಲೂ ಇದೇ ಕಾಟ. ಯಾವುದು ಎಷ್ಟು ಜಾಗ ತಿಂದಿದೆ ಅಂತ ಹೇಳೋ ಡಿಯು ಜೊತೆ ಸ್ಟಾರ್ ಹಾಕಿ ಕೂಡಿದ್ರೆ ಹೋಮ್ ಫೋಲ್ಡರ್ 40 ಜಿಬಿ ಬರ್ತಿತ್ತು, ಒಟ್ಟು ಕೇಳಿದ್ರೆ 60ರ ಮೇಲೆ. ಡಾಟ್ ಫೋಲ್ಡರ್‌ಗಳನ್ನೂ ಎಣಿಸೋ ಡಿಯು ಮೈನಸ್ ಎಚ್‌ಡಿ 1 ಹೊಡೆದಾಗ ಸಿಕ್ತು, ಡಾಟ್ ಕ್ಯಾಶ್ ಒಂದೇ 14 ಜಿಬಿ ತಿಂದು ಕೂತಿತ್ತು.